ಟಿಕೆಟ್ಟೂ ಇಲ್ಲ, ಪ್ರಾಯೋಜಕರೂ ಇಲ್ಲ: ಗೌರಿ ನೆನಪಲ್ಲಿ ನಾವು ಮಾಡಿದ ಕಲಾಹಬ್ಬ

ಚೌತಿ ಆಸುಪಾಸಿನಲ್ಲಿ ನಮ್ಮ ಕಡೆ ಮೈಕ್ ಸೆಟ್ ಸಿಗುವುದಿಲ್ಲ. ಶಾಮಿಯಾನ, ಕುರ್ಚಿ, ಜನರೇಟರ್ ಎಲ್ಲವೂ ಗಣಪತಿ ಪೆಂಡಾಲ್‌ಗಳಿಗೆ ತಿಂಗಳ ಮುಂಚೆಯೇ ಬುಕ್ ಆಗಿರುತ್ತವೆ. ಅದರ ಮೇಲೆ ಮಲೆನಾಡಿನ ಮಳೆ. ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದಿದ್ದು 2017ರ ಸೆಪ್ಟೆಂಬರ್ 5ರಂದು. ಅದೇ ದಿನ ಅವರ ನೆನಪಲ್ಲಿ ಹಾಡು, ನಾಟಕ, ಚಿತ್ರ ಎಲ್ಲ ಸೇರಿಸಿ ಊರಿನವರಿಗೆಲ್ಲ ಉಚಿತವಾಗಿ ಒಂದು ಹಬ್ಬ ಮಾಡೋಣ ಅಂತ ಹೊರಟರೆ ಮೊದಲು ಕೇಳಿಸುವ ಮಾತು, 'ಡೇಟ್ ಇಲ್ಲ ಅಕ್ಕಾ'.

ನಾವೊಂದಷ್ಟು ಜನ 2022ರಿಂದ ಇದನ್ನು ಮಾಡುತ್ತಿದ್ದೇವೆ. ಬೇರೆ ಊರಿನವರು ಫೋನ್ ಮಾಡಿ 'ಹೇಗೆ ಮಾಡಿದ್ರಿ, ದುಡ್ಡು ಎಲ್ಲಿಂದ ಬಂತು' ಅಂತ ಕೇಳುವುದು ಜಾಸ್ತಿಯಾಗಿದೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನಿಸಿತು.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ತಿಥಿ ಕಾರ್ಡು. ಚೌತಿ ಬಂತೆಂದರೆ ಗಣಪತಿ ಸಮಿತಿಗಳ ರಸೀದಿ ಪುಸ್ತಕ. ಗೌರಿಯವರ ಅಪ್ಪ ಪಿ. ಲಂಕೇಶರು ಹುಟ್ಟಿದ ಕೊನಗವಳ್ಳಿ ಇದೇ ಜಿಲ್ಲೆ. ಅವರ 'ಲಂಕೇಶ್ ಪತ್ರಿಕೆ' ಶುರುವಾದ 1980ರಿಂದ ನಮ್ಮಪ್ಪ ಅದರ ಓದುಗ. ಲಂಕೇಶರು 2000ದಲ್ಲಿ ತೀರಿಕೊಂಡ ಮೇಲೆ ಮಗಳು ಪತ್ರಿಕೆ ನೋಡಿಕೊಂಡಾಗಲೂ, 2005ರಲ್ಲಿ ಅವರು ಬೇರೆಯಾಗಿ 'ಗೌರಿ ಲಂಕೇಶ್ ಪತ್ರಿಕೆ' ಮಾಡಿದಾಗಲೂ ಮನೆಗೆ ತರುವುದನ್ನು ಅಪ್ಪ ಬಿಡಲಿಲ್ಲ.

2017ರ ಚೌತಿಗೆ ಸ್ವಲ್ಪ ದಿನ ಮುಂಚೆ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಒಂದು ಗಣಪತಿ ಸಮಿತಿಯ ಹುಡುಗ ಪ್ರೆಸ್ಸಿಗೆ ಓಡಿಬಂದ. 'ಅಕ್ಕಾ, ರಸೀದಿ ಪುಸ್ತಕ ಪ್ರಿಂಟ್ ಮಾಡಬೇಡಿ, ಈ ಸಲ ಗಣಪತಿ ಕೂರಿಸೋದಕ್ಕೇ ಆಗಲ್ಲ' ಅಂದ. ಮೊಬೈಲ್ ತೋರಿಸಿದ. ಗಣಪತಿ ಎಲ್ಲಿ ಕೂರಿಸಬೇಕು ಅಂತ ಸರ್ಕಾರವೇ ಹೇಳುತ್ತದೆ, ಅದಕ್ಕೂ ಮೊದಲು 10 ಲಕ್ಷ ಠೇವಣಿ ಇಡಬೇಕು ಅಂತ ಒಂದು ಮೆಸೇಜು. ಅವನ ಮುಖ ನೋಡಿ ನನಗೂ ಸಿಟ್ಟು ಬಂತು, ನಾನೂ ನಂಬಿದೆ, ಕಟಿಂಗ್ ಮಾಡಿಟ್ಟ ಪೇಪರನ್ನು ಪಕ್ಕಕ್ಕೆ ಎತ್ತಿಟ್ಟೆ. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಪತ್ರಿಕಾಗೋಷ್ಠಿ ಕರೆದು ಅಂಥ ನಿಯಮ ಯಾವುದೂ ಇಲ್ಲ ಅಂತ ಹೇಳಬೇಕಾಯಿತು.

ಗೌರಿ ಬರೆದ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಗಳ ಬಗ್ಗೆ. ಅದರಲ್ಲಿ ಅವರು ಎತ್ತಿಕೊಂಡ ಉದಾಹರಣೆ ಇದೇ ಗಣಪತಿ ಠೇವಣಿಯ ಸುಳ್ಳು. ಸೆಪ್ಟೆಂಬರ್ 13ರ ತಾರೀಖಿನ ಸಂಚಿಕೆಯಲ್ಲಿ ಅದು ಬಂತು. ಅಷ್ಟರಲ್ಲಿ ಅವರು ಇರಲಿಲ್ಲ. 5ನೇ ತಾರೀಖು ರಾತ್ರಿ ಎಂಟರ ಸುಮಾರಿಗೆ, ರಾಜರಾಜೇಶ್ವರಿ ನಗರದ ತಮ್ಮ ಮನೆ ಬಾಗಿಲಲ್ಲೇ ಗುಂಡೇಟಿಗೆ ಬಿದ್ದರು. ಆಗ ಅವರಿಗೆ 55 ವರ್ಷ. ನಾನು ಪ್ರೆಸ್ಸಿನ ಬಾಗಿಲು ಹಾಕುವಾಗ ಪಕ್ಕದ ಟೀ ಅಂಗಡಿಯ ಟಿವಿಯಲ್ಲಿ ಕಂಡೆ. ಮಾರನೇ ದಿನ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮುಂದೆ ಸಾವಿರಾರು ಜನ ಸೇರಿದರು. ನಮ್ಮ ಊರಲ್ಲಿ ಬಸ್ ಸ್ಟ್ಯಾಂಡ್ ಮುಂದೆ ಹನ್ನೊಂದು ಜನ ಮೇಣದಬತ್ತಿ ಹಿಡಿದು ನಿಂತೆವು. ಮಳೆಗೆ ಬತ್ತಿ ಆರಿಹೋಗುತ್ತಿತ್ತು, ಮತ್ತೆ ಹಚ್ಚುತ್ತಿದ್ದೆವು.

ಆ ಹನ್ನೊಂದು ಜನರಲ್ಲಿ ಏಳು ಜನ ಸೇರಿ 2022ರಲ್ಲಿ, ಐದು ವರ್ಷ ತುಂಬಿದಾಗ, ಮೊದಲ ಕಾರ್ಯಕ್ರಮ ಮಾಡಿದೆವು. ಒಂದು ಫೋಟೊ, ಹಾರ, ನಾಲ್ವರ ಭಾಷಣ, ಕೊನೆಗೆ ಎರಡು ಹಾಡು. ಎರಡೂವರೆ ಗಂಟೆ ನಡೆಯಿತು. ಮುಗಿದ ಮೇಲೆ ಕುರ್ಚಿ ಮಡಚುವಾಗ ಒಬ್ಬ ಪಿಯುಸಿ ಹುಡುಗ ಬಂದು ಕೇಳಿದ, 'ಆಂಟಿ, ಅವರು ಏನು ಬರೀತಿದ್ರು?'

ನಾಲ್ಕು ಭಾಷಣದಲ್ಲಿ ಅವರ ಸಾವಿನ ಬಗ್ಗೆ ಮಾತಾಡಿದ್ದೆವು. ಅವರ ಒಂದು ಸಾಲನ್ನೂ ಯಾರೂ ಓದಿರಲಿಲ್ಲ. ಪತ್ರಕರ್ತೆಯ ನೆನಪಿಗೆ ಅಂತ ಸೇರಿಸಿ ಪತ್ರಿಕೆಯ ಒಂದು ಪುಟವನ್ನೂ ತೋರಿಸದೆ ಜನರನ್ನು ಮನೆಗೆ ಕಳಿಸಿದ್ದೆವು. ಆ ರಾತ್ರಿ ನಾನು ಅಪ್ಪನ ಟ್ರಂಕಿನಿಂದ ಹಳೇ ಸಂಚಿಕೆಗಳನ್ನು ತೆಗೆದು ಕೂತೆ. ಗೌರಿಯವರ 'ಕಂಡ ಹಾಗೆ' ಅಂಕಣ ಒಂದೊಂದೇ ಓದಿದೆ. ಮುಂದಿನ ವರ್ಷ ಹೇಗೆ ಮಾಡಬೇಕು ಅನ್ನೋದು ಅಲ್ಲೇ ತೀರ್ಮಾನವಾಯಿತು.

ಮೊದಲು ದುಡ್ಡಿನ ಮಾತು, ಎಲ್ಲರೂ ಕೇಳುವುದು ಅದನ್ನೇ.

ಲಂಕೇಶ್ ಪತ್ರಿಕೆ ಜಾಹೀರಾತು ಹಾಕುತ್ತಿರಲಿಲ್ಲ. ಓದುಗ ಕೊಟ್ಟ ದುಡ್ಡಲ್ಲೇ ನಡೆಯಿತು. ಗೌರಿ ತಮ್ಮ ಪತ್ರಿಕೆಯನ್ನೂ ಹಾಗೇ ನಡೆಸಿದರು. ಒಬ್ಬ ದೊಡ್ಡ ಜಾಹೀರಾತುದಾರ ಪುಟದ ಮೇಲೆ ಬಂದು ಕೂತರೆ ಅವನ ಬಗ್ಗೆ ಬರೆಯುವ ಕೈ ನಡುಗುತ್ತದೆ ಅನ್ನೋದು ಪ್ರೆಸ್ ನಡೆಸುವ ನನಗೂ ಗೊತ್ತು. ಜಾಹೀರಾತಿಲ್ಲದೆ ಪತ್ರಿಕೆ ನಡೆಸಿದವರ ಹೆಸರಲ್ಲಿ ಮಾಡುವ ಹಬ್ಬದ ಬ್ಯಾನರ್ ಕೆಳಗೆ ಲೇಔಟ್ ಮಾರುವವರ ಫೋಟೊ ಹಾಕುವುದಕ್ಕೆ ಮನಸ್ಸು ಒಪ್ಪಲಿಲ್ಲ. 2023ರಲ್ಲಿ ಒಬ್ಬರು ನಿಜವಾಗಿಯೂ ಬಂದರು. 50,000 ಕೊಡುತ್ತೇನೆ, ವೇದಿಕೆ ಹಿಂದೆ ನನ್ನ ಬ್ಯಾನರ್ ಇರಲಿ ಅಂದರು. ನಮ್ಮ ಸಭೆಯಲ್ಲಿ ಒಂದು ಗಂಟೆ ಜಗಳವೇ ಆಯಿತು. 'ಒಳ್ಳೇ ಕೆಲಸಕ್ಕಲ್ವಾ, ತಗೊಂಡ್ರೆ ಏನು' ಅಂದವರೂ ಇದ್ದರು, ಅವರದ್ದು ತಪ್ಪು ಅಂತಲೂ ಹೇಳಲಾರೆ, ಆಗ ನಮ್ಮ ಕೈಯಲ್ಲಿ ಇದ್ದದ್ದು 9,000 ರೂಪಾಯಿ ಮಾತ್ರ. ಕೊನೆಗೆ ಬೇಡ ಅಂತ ಆಯಿತು.

ನಿಯಮ ಹೀಗೆ ಮಾಡಿಕೊಂಡೆವು. ಯಾರಿಂದಲೂ 500 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಯಾರ ಹೆಸರೂ ಬ್ಯಾನರಿನಲ್ಲಿ ಬರುವ ಹಾಗಿಲ್ಲ. 20 ರೂಪಾಯಿ ಕೊಟ್ಟರೂ ರಸೀದಿ. ರಸೀದಿ ಪುಸ್ತಕ ನನ್ನ ಪ್ರೆಸ್ಸಿನಲ್ಲೇ ಪ್ರಿಂಟ್ ಆಯಿತು, ಗಣಪತಿ ಸಮಿತಿಯ ಪುಸ್ತಕದ ಅದೇ ಸೈಜು, ಅದೇ ಗುಲಾಬಿ ಕಾಗದ. ಹಬ್ಬದ ದಿನ ಬಾಗಿಲಲ್ಲೇ ಒಂದು ಕಪ್ಪು ಹಲಗೆ ಇಟ್ಟು ಬಂದದ್ದು, ಹೋದದ್ದು ಎರಡನ್ನೂ ಸೀಮೆಸುಣ್ಣದಲ್ಲಿ ಬರೆದೆವು.

2023ರ ಲೆಕ್ಕ ಹೀಗಿತ್ತು. 231 ಜನರಿಂದ 64,350 ರೂಪಾಯಿ ಬಂತು. ಕಲಾವಿದರಿಗೆ 27,500, ಮೈಕ್ ಮತ್ತು ಲೈಟಿಗೆ 14,000, ಊಟ ಮತ್ತು ಚಹಾಕ್ಕೆ 9,800, ಶಾಮಿಯಾನ ಮತ್ತು ಕುರ್ಚಿಗೆ 6,200, ಪೇಪರ್ ಮತ್ತು ಬಣ್ಣಕ್ಕೆ 3,400. ಉಳಿದದ್ದು 3,450. ಅಂದಿನ ಹಲಗೆಯ ಫೋಟೊ ಈಗಲೂ ಪ್ರೆಸ್ಸಿನ ಗೋಡೆಯ ಮೇಲಿದೆ. ಹಲಗೆ ನೋಡಿದ ಹಮಾಲಿ ಕೆಲಸದವರೊಬ್ಬರು ವಾಪಸ್ ಹೋಗುವಾಗ ಇನ್ನೂ 20 ರೂಪಾಯಿ ಕೊಟ್ಟರು. 'ಊಟದ ಲೆಕ್ಕ ಸರಿಯಾಗಿ ಬರ್ದಿದೀರಿ' ಅಂದರು.

ಕಲಾವಿದರ ದುಡ್ಡಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿದೆ. ಉಚಿತ ಅಂದರೆ ನೋಡುವವರಿಗೆ ಉಚಿತ. ಬಾರಿಸುವವರಿಗೆ, ಹಾಡುವವರಿಗೆ ಅಲ್ಲ. ಇಂಥ ಕಾರ್ಯಕ್ರಮ ಮಾಡುವವರಲ್ಲೇ ಒಂದು ಕೆಟ್ಟ ರೂಢಿ ಇದೆ, ಉದ್ದೇಶ ಒಳ್ಳೆಯದು ಅಂತ ಹೇಳಿ ಕಲಾವಿದರನ್ನು ಸುಮ್ನೆ ಕರೆಸಿ, ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು. ನಾವು ಕರೆದ ತಮಟೆ ತಂಡದ ಹಿರಿಯರು ಮೊದಲ ಮಾತಿಗೇ ಕೇಳಿದರು, 'ಬಸ್ ಚಾರ್ಜ್ ಕೊಡ್ತೀರಾ ಅಕ್ಕಾ? ಹೋದ ಸಲ ಒಂದು ಕಡೆ ಶಾಲು ಹೊದ್ಸಿ ಕಳ್ಸಿದ್ರು, ರಾತ್ರಿ ಬಸ್ ಸ್ಟ್ಯಾಂಡಲ್ಲೇ ಮಲಗಿದ್ವಿ.' ಅವತ್ತಿನಿಂದ ನಮ್ಮಲ್ಲಿ ಗೌರವಧನ ಮೊದಲು, ಉಳಿದದ್ದು ಆಮೇಲೆ. ಎಂಟು ಜನರ ತಮಟೆ ತಂಡಕ್ಕೆ 8,000, ಹಾಡುಗಾರರಿಗೆ 6,000, ಬೀದಿನಾಟಕದ ತಂಡಕ್ಕೆ 9,000, ಮೂವರು ಚಿತ್ರ ಕಲಾವಿದರಿಗೆ 4,500. ದೊಡ್ಡ ಮೊತ್ತವಲ್ಲ, ನನಗೂ ಗೊತ್ತು. ಆದರೆ ಯಾರಿಗೆ ಎಷ್ಟು ಅಂತ ಮೊದಲೇ ಹೇಳಿದ್ದೆವು, ಕಾರ್ಯಕ್ರಮ ಶುರುವಾಗುವ ಮೊದಲೇ ಕವರ್ ಕೈಗೆ ಕೊಟ್ಟೆವು.

ಅನುಮತಿ ವಿಷಯಕ್ಕೆ ಜನ ವಿನಾಕಾರಣ ಹೆದರುತ್ತಾರೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಲ್ಲಿ ರಾತ್ರಿ 10ರ ಮೇಲೆ ಹಾಕುವ ಹಾಗಿಲ್ಲ, ಇದು 2000ದ ಶಬ್ದ ಮಾಲಿನ್ಯ ನಿಯಮ, ಯಾರಿಗಾದರೂ ಒಂದೇ. ಮೂರು ವಾರ ಮುಂಚೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ 'ಆಯ್ತು ಹೋಗಿ' ಅಂದರೆ ನಗುತ್ತಲೇ ನಿಂತುಕೊಳ್ಳಿ, ಸೀಲು ಬೀಳುವವರೆಗೆ ಹೊರಡಬೇಡಿ.

ನಮಗೆ ಪೆಟ್ಟು ಬಿದ್ದದ್ದು ಅಲ್ಲಲ್ಲ. 2023ರಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು ರಸೀದಿಯನ್ನೂ ಪಡೆದಿದ್ದೆವು. ಎರಡು ದಿನ ಉಳಿದಿರುವಾಗ ಫೋನ್ ಬಂತು. 'ಆ ದಿನ ಆಗಲ್ಲ, ದುಡ್ಡು ವಾಪಸ್ ತಗೊಂಡು ಹೋಗಿ.' ಕಾರಣ ಕೇಳಿದರೆ ಹೇಳಲಿಲ್ಲ. ಅವರಿಗೆ ಯಾರು ಏನು ಹೇಳಿದರೋ. ನಾನು ಆ ಮಧ್ಯಾಹ್ನ ಊಟ ಮಾಡಲಿಲ್ಲ, ಅಳು ಬರುತ್ತಿತ್ತು. ಕಾರ್ಡು ಹಂಚಿಯಾಗಿತ್ತು.

ಉಳಿಸಿದ್ದು ಅಡಿಕೆ. ನಮ್ಮ ತಂಡದ ಒಬ್ಬರ ಚಿಕ್ಕಪ್ಪನಿಗೆ ಊರ ಹೊರಗೆ ಅಡಿಕೆ ಒಣಗಿಸುವ ಕಣ, ಪಕ್ಕದಲ್ಲಿ ಸುಲಿಯುವ ದೊಡ್ಡ ತಗಡಿನ ಶೆಡ್ಡು ಇದೆ. ಸೆಪ್ಟೆಂಬರಿನಲ್ಲಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಕಣ ಖಾಲಿ. ಅವರಿಗೆ ಗೌರಿ ಬರಹದ ಬಗ್ಗೆ ಒಲವೇನೂ ಇರಲಿಲ್ಲ. 'ಓದೋ ಕಾರ್ಯಕ್ರಮ ಅಲ್ವಾ, ಮಾಡ್ಕೊಳ್ಳಿ, ಕಸ ಮಾತ್ರ ಬಿಟ್ಟು ಹೋಗ್ಬೇಡಿ' ಅಂದರು. ಜಾಗ ಬದಲಾಯಿತು ಅಂತ ಸ್ಟೇಷನ್ನಿಗೆ ಮತ್ತೆ ಅರ್ಜಿ, ಮತ್ತೆ ಸೀಲು. ಹುಡುಗರು ಹಂಚಿದ್ದ ಕಾರ್ಡಿನ ಮೇಲೆ ಕೈಯಲ್ಲೇ ಹೊಸ ವಿಳಾಸ ಬರೆದು ಮನೆಮನೆಗೆ ಮತ್ತೊಮ್ಮೆ ಹೋದರು. ಈಗ ಯೋಚಿಸಿದರೆ ಮಂಟಪಕ್ಕಿಂತ ಆ ಕಣವೇ ನಮಗೆ ಸರಿಯಾದ ಜಾಗವಾಗಿತ್ತು. ಸುಲಿಯುವ ಕೆಲಸಕ್ಕೆ ಬರುವ ಹೆಂಗಸರಿಗೆ ಅದು ದಿನವೂ ಕೂತು ಎದ್ದ ಜಾಗ, ಒಳಗೆ ಬರಲು ಯಾರೂ ಹಿಂಜರಿಯಲಿಲ್ಲ. ಮಂಟಪವಾಗಿದ್ದರೆ ಅವರು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಒಂದೇ ಕಷ್ಟ ತಗಡಿನ ಸದ್ದು. ಸೋನೆ ಬಿದ್ದರೂ ಸಾಕು, ಮಾತು ಕೇಳಿಸುವುದಿಲ್ಲ. ಸೂರಿನ ಒಳಗೆ ಗೋಣಿಚೀಲ ಬಿಚ್ಚಿ ಸಾಲಾಗಿ ಕಟ್ಟಿದೆವು, ಸದ್ದು ಎಷ್ಟೋ ಕಡಿಮೆಯಾಯಿತು. ಓದು ಮತ್ತು ಮಾತನ್ನು ಮಳೆ ನಿಂತಾಗ, ತಮಟೆ ಮತ್ತು ನಾಟಕವನ್ನು ಮಳೆ ಬಂದಾಗ ಅಂತ ಇಟ್ಟುಕೊಂಡೆವು. ಕಾರ್ಯಕ್ರಮದ ಪಟ್ಟಿಯಲ್ಲಿ ಸಮಯ ಹಾಕಿರಲಿಲ್ಲ. ಮಲೆನಾಡಿನಲ್ಲಿ ಮಾಡುವವರು ದಯವಿಟ್ಟು ಹೀಗೇ ಮಾಡಿ.

ಅವತ್ತು ಸಂಜೆ ಐದಕ್ಕೆ ತಮಟೆಯವರು ಬಂದರು. ಥಂಡಿಗೆ ಚರ್ಮ ಸಡಿಲವಾಗಿತ್ತು. ತಟ್ಟಿದರೆ ಮಂಕು ಸದ್ದು. 'ಕಾಯಿಸ್ಬೇಕು, ಒಣ ಪೇಪರ್ ಇದ್ರೆ ಕೊಡಿ ಅಕ್ಕಾ' ಅಂದರು. ಹುಲ್ಲೆಲ್ಲ ಒದ್ದೆ. ನಮ್ಮ ಹತ್ತಿರ ಇದ್ದ ಒಣ ಪೇಪರ್ ಅಂದರೆ ಪ್ರೆಸ್ಸಿನಿಂದ ತಂದ ಹಳೇ ನ್ಯೂಸ್‌ಪೇಪರ್ ಕಟ್ಟು, ಮಕ್ಕಳು ಚಿತ್ರ ಬರೆಯಲಿ ಅಂತ ತಂದದ್ದು. ಅದನ್ನೇ ಕೊಟ್ಟೆ. ಶೆಡ್ಡಿನ ಮೂಲೆಯಲ್ಲಿ ಒಂದೊಂದೇ ಹಾಳೆ ಹೊತ್ತಿಸಿ, ತಮಟೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ತಟ್ಟಿ ಕಿವಿಗೆ ಹಿಡಿದು ನೋಡುತ್ತಿದ್ದರು. ಸದ್ದು ಮೆಲ್ಲಗೆ ಬಿಗಿಯಾಗುತ್ತಾ ಬಂತು. ಮಕ್ಕಳೆಲ್ಲ ಸುತ್ತ ಕೂತು ನೋಡಿದರು. ಹಬ್ಬ ಶುರುವಾದದ್ದು ಹಾಗೆ. ಉದ್ಘಾಟನೆ ಅಂತ ಬೇರೆ ಮಾಡಲಿಲ್ಲ.

ಇನ್ನು ಗೋಡೆ ಪತ್ರಿಕೆ. ನಮ್ಮ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು, ಹರ್ಮನ್ ಮೊಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಆ ದಿನವನ್ನು ನಾವು ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ನಮ್ಮ ತಯಾರಿಯೂ ಜುಲೈ 1ಕ್ಕೇ ಶುರು. ಹೈಸ್ಕೂಲು ಮತ್ತು ಪಿಯುಸಿಯ ಹದಿನೈದು ಇಪ್ಪತ್ತು ಮಕ್ಕಳು ಭಾನುವಾರ ಪ್ರೆಸ್ಸಿಗೆ ಬರುತ್ತಾರೆ. ಊರಿನ ಒಂದೊಂದು ವಿಷಯ ಹಿಡಿದು, ಹೋಗಿ, ನೋಡಿ, ಕೇಳಿ, ಬರೆಯಬೇಕು. ಹಬ್ಬದ ದಿನ ಅದು ದೊಡ್ಡ ಹಾಳೆಯ ಮೇಲೆ ಕೈಬರಹದಲ್ಲಿ, ಚಿತ್ರಗಳ ಜೊತೆ ಗೋಡೆಗೆ ಏರುತ್ತದೆ.

ಮಕ್ಕಳಿಗೆ ಇದೆಲ್ಲ ಬರೆಯುವ ಹಕ್ಕು ಎಲ್ಲಿಂದ ಬಂತು ಅಂತ ಒಬ್ಬ ಮೇಷ್ಟ್ರು ಕೇಳಿದರು. ಒಳ್ಳೇ ಪ್ರಶ್ನೆ. ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅನ್ನೋ ಪದ ಬೇರೆಯಾಗಿ ಇಲ್ಲವೇ ಇಲ್ಲ. 19ನೇ ವಿಧಿ ಪ್ರತಿ ಪ್ರಜೆಗೂ ಮಾತಿನ, ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. ಪತ್ರಿಕೆಯ ಸ್ವಾತಂತ್ರ್ಯವೂ ಅದರಲ್ಲೇ ಸೇರಿದೆ ಅಂತ ಸುಪ್ರೀಂ ಕೋರ್ಟ್ 1950ರಲ್ಲೇ ರೊಮೇಶ್ ಥಾಪರ್ ಪ್ರಕರಣದಲ್ಲಿ ಹೇಳಿತು. ಅಂದರೆ ದೊಡ್ಡ ಪತ್ರಿಕೆಯ ಸಂಪಾದಕರಿಗೆ ಇರುವುದೂ, ಒಂಬತ್ತನೇ ಕ್ಲಾಸಿನ ಹುಡುಗಿಗೆ ಇರುವುದೂ ಒಂದೇ ಹಕ್ಕು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರ ತಮ್ಮ ಮಗಳನ್ನೂ ಕಳಿಸಿದರು.

ಹಕ್ಕಿನ ಜೊತೆ ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳುತ್ತೇನೆ. ಗೌರಿಗೇ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಮೊಕದ್ದಮೆಯಲ್ಲಿ ಆರು ತಿಂಗಳ ಶಿಕ್ಷೆ ಹಾಕಿತ್ತು, ಜಾಮೀನಿನ ಮೇಲೆ ಹೊರಗಿದ್ದರು. ಬರೆದದ್ದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಆದ್ದರಿಂದ ಯಾರ ಬಗ್ಗೆಯೂ ಅವರ ಮಾತು ಕೇಳದೆ ಬರೆಯುವ ಹಾಗಿಲ್ಲ. ತಾರೀಖು, ಸಂಖ್ಯೆ ಇದ್ದರೆ ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರೆದಿರಬೇಕು.

ಒಬ್ಬಳು ಹುಡುಗಿ ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ಬಗ್ಗೆ ಬರೆದು ತಂದಳು. 'ಒಂದು ವರ್ಷದಿಂದ ಬೀಗ ಹಾಕಿದೆ' ಅಂತ ಮೊದಲ ಸಾಲು.

'ಒಂದು ವರ್ಷ ಅಂತ ಯಾರು ಹೇಳಿದ್ರು?' ಅಂದೆ.

'ಎಲ್ರೂ ಹೇಳ್ತಾರೆ ಆಂಟಿ.'

'ಎಲ್ರೂ ಅಂದ್ರೆ ಯಾರು?'

ಮುಖ ಊದಿಸಿಕೊಂಡು ಹೋದಳು. ಮುಂದಿನ ಭಾನುವಾರ ಬಂದಾಗ ಹೂ ಮಾರುವ ಅಜ್ಜಿ, ಪಕ್ಕದ ಬೇಕರಿಯವರು, ಇಬ್ಬರ ಮಾತು ನೋಟ್ ಬುಕ್ಕಿನಲ್ಲಿತ್ತು. ಅಜ್ಜಿ ಹೇಳಿದ್ದು 'ಸಂಕ್ರಾಂತಿ ಆದ್ಮೇಲೆ' ಅಂತ, ಬೇಕರಿಯವರು ಹೇಳಿದ್ದು ಎರಡು ವರ್ಷ ಅಂತ. ಯಾವುದು ಸರಿ? ಮತ್ತೆ ಹೋದಳು. ಈ ಸಲ ಅಪ್ಪನನ್ನು ಕರೆದುಕೊಂಡು ಸಂಬಂಧಪಟ್ಟ ಕಚೇರಿಗೇ ಹೋಗಿ ಕೇಳಿದಳು. ಪೈಪ್ ಒಡೆದದ್ದು, ಬೀಗ ಹಾಕಿದ್ದು ಜನವರಿ ಕೊನೆಯ ವಾರ ಅಂತ ಗೊತ್ತಾಯಿತು. ಅಜ್ಜಿಯೇ ಸರಿ. 'ಒಂದು ವರ್ಷ' ಅನ್ನೋದನ್ನು ಹೊಡೆದುಹಾಕಿ 'ಏಳು ತಿಂಗಳು' ಅಂತ ಬರೆದಳು. ಬರೆಯುವಾಗ ಅವಳಿಗೆ ಬೇಜಾರಿತ್ತು. ಒಂದು ವರ್ಷ ಅಂದರೆ ಜಾಸ್ತಿ ಗಟ್ಟಿ ಅನಿಸುತ್ತಿತ್ತಂತೆ. ನಾನು ಆ ಗಣಪತಿ ಠೇವಣಿ ಮೆಸೇಜಿನ ಕತೆ ಹೇಳಿದೆ. ನಾನೂ ನಂಬಿ ಪೇಪರ್ ಎತ್ತಿಟ್ಟದ್ದನ್ನೂ ಹೇಳಿದೆ.

ಹಬ್ಬದ ಸಂಜೆ ಆ ಕೊನೆಯ ಸಂಪಾದಕೀಯವನ್ನು ಓದಿದ್ದು ಅವಳೇ. ತಮಟೆ ನಿಂತ ಮೇಲೆ, ಮಳೆಯೂ ನಿಂತ ಒಂದು ಇಪ್ಪತ್ತು ನಿಮಿಷ. ಆ ಕಣದಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಒಂದಲ್ಲ ಒಂದು ಗಣಪತಿ ಸಮಿತಿಯವರು, ಹದಿಮೂರು ದಿನಕ್ಕೆ ಚೌತಿ. ಠೇವಣಿ ವಿಷಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬ 'ಹೌದು ಹೌದು, ನಂಗೂ ಬಂದಿತ್ತು ಆ ಮೆಸೇಜು' ಅಂತ ಜೋರಾಗಿ ಹೇಳಿದ. ನೋಡಿದರೆ ಪ್ರೆಸ್ಸಿಗೆ ಓಡಿಬಂದಿದ್ದ ಅದೇ ಹುಡುಗ. ಈಗ ಅವನಿಗೆ ಮದುವೆಯಾಗಿದೆ. ಗೌರಿ ಬರೆದ ಎಲ್ಲವನ್ನೂ ಅವನು ಒಪ್ಪುವುದಿಲ್ಲ, ಆ ಸಂಜೆಯೂ ನನ್ನ ಜೊತೆ ವಾದ ಮಾಡಿದ. ವಾದ ಮಾಡುತ್ತಲೇ ಕೂತು ಚಿತ್ರಾನ್ನ ತಿಂದು ಕುರ್ಚಿ ಮಡಚಲು ಸಹಾಯ ಮಾಡಿ ಹೋದ.

ಬೀದಿನಾಟಕದ ವಸ್ತು ನಮ್ಮದೇ ನೆಲದ್ದು ಇರಲಿ ಅಂತ ತಂಡದವರನ್ನು ಕೇಳಿಕೊಂಡಿದ್ದೆವು. ತಾತಯ್ಯ ಅಂತ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರ ಕತೆ ಮಾಡಿದರು. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ, ಅದಕ್ಕೆ ತಲೆಬಾಗಿ ನಡೆಸುವುದಕ್ಕಿಂತ ನಿಲ್ಲಿಸುವುದೇ ಮೇಲು ಅಂತ ತಮ್ಮ ಪತ್ರಿಕೆಗಳನ್ನೇ ಮುಚ್ಚಿದವರು ಅವರು. ನಾಟಕದ ಕೊನೆಗೆ ಒಬ್ಬ ನಟ ಖಾಲಿ ಹಾಳೆಗಳನ್ನು 'ಪೇಪರ್, ಪೇಪರ್' ಅಂತ ಕೂಗುತ್ತಾ ಜನರಿಗೆ ಹಂಚಿದ. ಜನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಡಿಕೆ ಸುಲಿಯುವ ಒಬ್ಬ ಹೆಂಗಸು 'ಇದ್ರಲ್ಲಿ ಏನೂ ಇಲ್ವಲ್ಲ' ಅಂತ ಪಕ್ಕದವಳಿಗೆ ತೋರಿಸಿದಳು. ಬಾಯಿ ಮುಚ್ಚಿಸುವುದು ಅಂದರೇನು ಅಂತ ಬೀದಿನಾಟಕ ಆಡುವವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಬೀದಿನಾಟಕಕಾರ ಸಫ್ದರ್ ಹಾಶ್ಮಿ ಮೇಲೆ 1989ರ ಜನವರಿ 1ರಂದು ನಾಟಕ ಆಡುತ್ತಿರುವಾಗಲೇ ದಾಳಿಯಾಯಿತು, ಮರುದಿನ ತೀರಿಕೊಂಡರು.

ಚಿತ್ರ ಕಲಾವಿದರಿಗೆ ಮಾತ್ರ ಒಂದು ಮಾತು ಹೇಳಿದ್ದೆ, ಗುಂಡು, ರಕ್ತ ಬೇಡ. ಮೇಜು, ಪೆನ್ನು, ಪ್ರಿಂಟು, ಪೇಪರ್ ಕಟ್ಟು ಹೊತ್ತ ಏಜೆಂಟು, ಓದುತ್ತಾ ಕೂತವರು, ಇಂಥವು ಬರಲಿ. ನ್ಯೂಸ್‌ಪ್ರಿಂಟ್ ರೋಲಿನ ತುಂಡು ಹಾಸಿ ನೆಲದ ಮೇಲೆ ಕೂತು ಬರೆದರು. ಬಣ್ಣ ಹೀರಿಕೊಂಡು ಹಾಳೆ ಸುಕ್ಕಾಗುತ್ತದೆ, ನೀರು ಕಡಿಮೆ ಮಾಡಿ ಗಟ್ಟಿ ಬಣ್ಣ ಬಳಸಬೇಕು.

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು. ಮೈಕ್ ಸೆಟ್ ಎಲ್ಲೂ ಸಿಗಲಿಲ್ಲ. ಹಿಂದಿನ ಭಾನುವಾರ, 1ನೇ ತಾರೀಖು, ಮೈಕ್ ಇಲ್ಲದೆಯೇ ಮಾಡಿದೆವು. ಕಣದಲ್ಲಿ ಆರು ಕಡೆ ಚಾಪೆ ಹಾಸಿ, ಒಂದೊಂದು ಚಾಪೆಗೂ ಒಬ್ಬರು ಓದುವವರು, ಒಬ್ಬರು ಹಾಡುವವರು. ಜನ ಚಾಪೆಯಿಂದ ಚಾಪೆಗೆ ಓಡಾಡಿದರು. ಖರ್ಚು ಕಡಿಮೆಯಾಯಿತು, ಮಾತುಕತೆ ಜಾಸ್ತಿಯಾಯಿತು. ವಯಸ್ಸಾದವರಿಗೆ ಕೇಳಿಸಲಿಲ್ಲ ಅನ್ನೋ ಕೊರತೆ ಉಳಿಯಿತು.

2025ರಲ್ಲಿ ಚೌತಿ ಮತ್ತು ಗಣಪತಿ ಬಿಡುವ ದಿನಗಳ ಮಧ್ಯೆಯೇ ಸೆಪ್ಟೆಂಬರ್ 5 ಸಿಕ್ಕಿಕೊಂಡಿತು. ಆ ದಿನ ಪ್ರೆಸ್ಸಿನಲ್ಲೇ ಕೂತು ಓದಿಕೊಂಡು, ದೊಡ್ಡ ಹಬ್ಬವನ್ನು ನವೆಂಬರ್ 2ಕ್ಕೆ ಇಟ್ಟೆವು. ಪತ್ರಕರ್ತರ ಮೇಲಿನ ಅಪರಾಧಗಳಿಗೆ ಶಿಕ್ಷೆಯಾಗದೆ ಹೋಗುವುದನ್ನು ಕೊನೆಗಾಣಿಸಬೇಕು ಅಂತ ವಿಶ್ವಸಂಸ್ಥೆ ಇಟ್ಟಿರುವ ದಿನ ಅದು. 2013ರ ನವೆಂಬರ್ 2ರಂದು ಮಾಲಿ ದೇಶದಲ್ಲಿ ಇಬ್ಬರು ಫ್ರೆಂಚ್ ರೇಡಿಯೊ ಪತ್ರಕರ್ತರನ್ನು ಕೊಂದರು, ಅದರ ನೆನಪಿಗೆ. ಪತ್ರಕರ್ತರ ಕೊಲೆಗಳಲ್ಲಿ ಶೇ 85ರಷ್ಟು ಇತ್ಯರ್ಥವಾಗದೇ ಉಳಿದಿವೆ ಅಂತ ಯುನೆಸ್ಕೋದ 2024ರ ವರದಿ ಹೇಳುತ್ತದೆ. ಗೌರಿ ಪ್ರಕರಣದಲ್ಲಿ ಆರೋಪಪಟ್ಟಿಯಲ್ಲಿ 18 ಜನರ ಹೆಸರಿದೆ, ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ, ಕೊಲೆಯಾಗಿ ಐದು ವರ್ಷವಾಗುತ್ತಾ ಬಂದಿದ್ದಾಗ. ಇದನ್ನು ನಾವು ಭಾಷಣ ಮಾಡಲಿಲ್ಲ. ಮಕ್ಕಳು ಒಂದು ಉದ್ದನೆ ಹಾಳೆಯ ಮೇಲೆ 2017ರಿಂದ ಒಂದೊಂದು ವರ್ಷಕ್ಕೆ ಒಂದೊಂದು ಗೆರೆ ಎಳೆದು, ಯಾವ ವರ್ಷ ಏನಾಯಿತು ಅಂತ ಬರೆದು, ಉದ್ದಕ್ಕೂ ಗೋಡೆಗೆ ಅಂಟಿಸಿದರು.

ನವೆಂಬರ್ 2ರಿಂದ ಇನ್ನೊಂದು ಅನುಕೂಲವಾಯಿತು. ಹಿಂದಿನ ದಿನ ರಾಜ್ಯೋತ್ಸವ. ವೇದಿಕೆ, ಶಾಮಿಯಾನ, ಮೈಕ್ ಎಲ್ಲ ಮೈದಾನದಲ್ಲೇ ನಿಂತಿತ್ತು, ಬಿಚ್ಚುವುದು ಸೋಮವಾರ ಅಂದರು. ಶಾಮಿಯಾನದವರ ಜೊತೆ ಮಾತಾಡಿ ಅರ್ಧ ಬಾಡಿಗೆಗೆ ಭಾನುವಾರಕ್ಕೂ ಉಳಿಸಿಕೊಂಡೆವು. ಮಳೆಯೂ ಇರಲಿಲ್ಲ. ಅಡಿಕೆ ಕೊಯ್ಲು ಶುರುವಾಗಿ ಕಣ ಖಾಲಿ ಇರಲಿಲ್ಲ, ಹಾಗಾಗಿ ಸುಲಿಯುವ ಹೆಂಗಸರು ಕೆಲಸ ಮುಗಿಸಿ ಬರಲಿ ಅಂತ ಸಂಜೆ ಆರೂವರೆಗೆ ಶುರು ಮಾಡಿದೆವು.

ಆ ಸಲ ಗೋಡೆ ಪತ್ರಿಕೆಗೆ ಬಂದ ಮಕ್ಕಳನ್ನು ನೋಡಿಕೊಂಡವಳು ಶೌಚಾಲಯದ ಬಗ್ಗೆ ಬರೆದಿದ್ದ ಹುಡುಗಿ. ಈಗ ಪಿಯುಸಿ. ಪ್ರೆಸ್ಸಿನ ಕಟಿಂಗ್ ಮಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಏಳನೇ ಕ್ಲಾಸಿನ ಹುಡುಗನೊಬ್ಬ ಕೆರೆಯ ಬಗ್ಗೆ ಬರೆದುಕೊಂಡು ಬಂದಿದ್ದ. ಅವಳು ಓದಿದಳು, ಪೆನ್ಸಿಲ್ ತೆಗೆದು ಒಂದು ಸಾಲಿನ ಕೆಳಗೆ ಗೆರೆ ಎಳೆದಳು.

'ನಾಲ್ಕು ಎಕರೆ ಒತ್ತುವರಿ ಅಂತ ಬರ್ದಿದೀಯ. ಯಾರು ಹೇಳಿದ್ರು?'

ಅವನು ಹಾಳೆ ವಾಪಸ್ ತೆಗೆದುಕೊಂಡು ಸೈಕಲ್ ಹತ್ತಿ ಹೋದ.